ಆಸ್ಪತ್ರೆಗೆ ಬರಬೇಡಿ ಎಂದವಳು

ನನಗೆ ಬಾಯಿ ಜಾಸ್ತಿ ಎಂದು ಮೊದಲು ಹೇಳಿದವನು ನಮ್ಮಪ್ಪ. ಹಾಗೆ ಹೇಳುವಾಗ ಅವನ ಮುಖದಲ್ಲಿ ಬೇಜಾರಿಗಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು. ಅರಸೀಕೆರೆಯ ಒಂದು ನರ್ಸಿಂಗ್ ಹೋಮಿಗೆ ನಾನು ಸ್ಟಾಫ್ ನರ್ಸ್ ಆಗಿ ಸೇರಿ ಬಹಳ ವರ್ಷಗಳಾದವು. ಡಾಕ್ಟರುಗಳಿಗೂ ಎದುರು ಮಾತಾಡಿದ್ದೇನೆ, ರೋಗಿಗಳ ನೆಂಟರಿಗಂತೂ ಮುಖ ಮೂತಿ ನೋಡದೆ ಬೈದಿದ್ದೇನೆ. ಬೈದದ್ದಕ್ಕೆ ಆಮೇಲೆ ನೊಂದುಕೊಂಡವಳಲ್ಲ, ಒಂದು ಸಲ ಬಿಟ್ಟು. ಆ ಸಲ ನಾನು ಬೈದದ್ದು ಒಬ್ಬರಿಗಲ್ಲ, ಇಡೀ ನಮ್ಮೂರಿಗೆ.

ಕೊರೋನಾ ಎರಡನೇ ಅಲೆಯ ಮೇ ತಿಂಗಳು ಅದು. ನಮ್ಮ ನರ್ಸಿಂಗ್ ಹೋಮನ್ನು ಪೂರ್ತಿ ಕೋವಿಡ್ ಆಸ್ಪತ್ರೆ ಮಾಡಿದ್ದರು. ಮೂವತ್ತು ಹಾಸಿಗೆಯ ಜಾಗದಲ್ಲಿ ನಲವತ್ತೆರಡು ಜನ ಮಲಗಿದ್ದರು. ನರ್ಸುಗಳು ಮನೆಗೆ ಹೋಗುವಂತಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಲಾಡ್ಜಿನಲ್ಲಿ ನಮಗೆ ರೂಮು ಕೊಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆ ಪಿಪಿಇ ಕಿಟ್ ಒಳಗೆ ಹೊಕ್ಕರೆ ಮಧ್ಯಾಹ್ನ ಎರಡಕ್ಕೇ ಹೊರಗೆ. ಅಷ್ಟು ಹೊತ್ತು ನೀರಿಲ್ಲ, ಬಚ್ಚಲಿಲ್ಲ, ಫೋನೂ ಇಲ್ಲ.

ಆ ತಿಂಗಳ ಮೊದಲ ವಾರ ಬಾಣಾವರದ ಕಡೆಯ ತೆಂಗಿನ ತೋಟದವರೊಬ್ಬರು ಬಂದರು. ಹಿಂದಿನ ದಿನ ಒಬ್ಬಟ್ಟು ತಿಂದು ಎದೆ ಉರಿ. ಅಷ್ಟೇ. ಬರೀ ಗ್ಯಾಸ್ಟ್ರಿಕ್ಕು. ಒಂದು ಮಾತ್ರೆಗೋಸ್ಕರ ನಮ್ಮ ಕಾರಿಡಾರಿನಲ್ಲಿ ಎರಡು ಗಂಟೆ ಕೂತರು, ಸುತ್ತ ಕೆಮ್ಮುವವರ ನಡುವೆ. ಆರನೇ ದಿನ ಜ್ವರ ಹೊತ್ತು ವಾಪಸು ಬಂದರು, ಹತ್ತನೇ ದಿನ ಹೋದರು. ಅವರ ಹೆಂಡತಿ ಗೇಟಿನಾಚೆ ನಿಂತು, 'ಎದೆ ಉರಿ ಅಂದ್ರಲ್ಲವ್ವ, ಎದೆ ಉರಿಗೆ ಯಾರಾದ್ರೂ ಸಾಯ್ತಾರಾ' ಎಂದು ನನ್ನನ್ನೇ ಕೇಳಿದರು. ನನಗೆ ಸಂಕಟಕ್ಕಿಂತ ಸಿಟ್ಟು ಬಂತು. ನನ್ನ ಸಂಕಟ ಯಾವಾಗಲೂ ಸಿಟ್ಟಿನ ಬಾಗಿಲಿಂದಲೇ ಹೊರಗೆ ಬರುವುದು.

ಅವತ್ತು ಡ್ಯೂಟಿ ಮುಗಿಸಿ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ನಮ್ಮೂರಿನ ಹಾಲಿನ ಡೇರಿಯ ವಾಟ್ಸಾಪ್ ಗುಂಪಿಗೆ ಒಂದು ಮಾತು ರೆಕಾರ್ಡ್ ಮಾಡಿ ಕಳಿಸಿದೆ. 'ಎಲ್ರೂ ಕೇಳಿಸ್ಕೊಳ್ಳಿ, ಗಿಡ್ಡಪ್ಪನ ಮಗಳು ಸೌಂದರ್ಯ ಮಾತಾಡ್ತಿರೋದು. ತಲೆನೋವು, ನೆಗಡಿ, ಎದೆ ಉರಿ ಅಂತ ಆಸ್ಪತ್ರೆಗೆ ಓಡಿ ಬರಬೇಡಿ. ಇಲ್ಲದ ಕಾಯಿಲೆ ಅಂಟಿಸ್ಕೊಂಡು ಸಾಯ್ತೀರ. ಎದೆ ಉರಿಗೆ ಜೀರಿಗೆ ನೀರು ಕುಡಿದು ಮನೇಲಿ ಬಿದ್ಕೊಳ್ಳಿ. ಆಸ್ಪತ್ರೆ ಈಗ ಆಸ್ಪತ್ರೆ ಅಲ್ಲ. ನನ್ನ ಮಾತು ಮೀರಿ ಯಾರಾದ್ರೂ ಬಂದ್ರೆ ಗೇಟಲ್ಲೇ ಬೈದು ಕಳಿಸ್ತೀನಿ.' ಕಳಿಸಿ, ಹಗುರಾಗಿ, ಸ್ನಾನ ಮಾಡಿ ಮಲಗಿದೆ.

ನಮ್ಮೂರು ಹಗರೆಯಿಂದ ಎರಡು ಮೈಲಿ ಒಳಗಿರುವ ಸಣ್ಣ ಊರು. ಅಪ್ಪ ಅಲ್ಲಿನ ಡೇರಿಯ ಸೆಕ್ರೆಟರಿ. ಹೆಸರಿಗೆ ಗಿಡ್ಡಪ್ಪ, ಆಳು ಮಾತ್ರ ಡೇರಿ ಬಾಗಿಲಿಗೆ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಇಪ್ಪತ್ತೆರಡು ವರ್ಷ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನ ಹಾಲು ಅಳೆದವನು. ನನ್ನ ಮದುವೆಯ ದಿನವೂ ಬೆಳಗಿನ ಹಾಲು ಲಾರಿಗೆ ಹತ್ತಿಸಿ ಧಾರೆಗೆ ಬಂದಿದ್ದ. ಹಸುವಿಗೆ ಲಾಕ್‌ಡೌನ್ ಗೊತ್ತಿಲ್ಲ ಎಂದು ಅವನು ಹೇಳುತ್ತಿದ್ದ. ಅದರ ಕೆಚ್ಚಲು ಹೊತ್ತಿಗೆ ಸರಿಯಾಗಿ ತುಂಬುತ್ತದೆ, ಹಿಂಡಿದ್ದನ್ನು ಯಾರಾದರೂ ಹಾಕಿಸಿಕೊಳ್ಳಲೇಬೇಕು.

ಹಿಂದಿನ ವರ್ಷ ಮೊದಲ ಅಲೆಯಲ್ಲಿ ಪಕ್ಕದೂರಿನ ಡೇರಿಯಲ್ಲಿ ಹಾಲು ಅಳೆಯುವವನಿಗೆ ಪಾಸಿಟಿವ್ ಬಂತು. ತಕ್ಷಣ ಡೇರಿಗೆ ಬೀಗ, ಊರಿಗೆ ತಗಡಿನ ಅಡ್ಡಗಟ್ಟೆ. ಹದಿನಾಲ್ಕು ದಿನ ಜನ ಹಿಂಡಿದ ಹಾಲನ್ನು ಚರಂಡಿಗೆ ಸುರಿದರು. ಅಪ್ಪ ಅದನ್ನು ದೂರದಿಂದ ನಿಂತು ನೋಡಿ ಬಂದಿದ್ದನಂತೆ. ಅವತ್ತು ರಾತ್ರಿ ಊಟ ಮಾಡಲಿಲ್ಲ ಎಂದು ಅವ್ವ ಹೇಳಿದ್ದಳು. ಅಂದಿನಿಂದ ಅವನಿಗೆ ಕಾಯಿಲೆಗಿಂತ ಸ್ವಾಬಿನ ಕಡ್ಡಿ ಕಂಡರೆ ಭಯ. ಆಸ್ಪತ್ರೆಗೆ ಹೋದರೆ ಮೊದಲು ಮೂಗಿಗೆ ಕಡ್ಡಿ ಹಾಕುತ್ತಾರೆ, ಹಾಕಿದರೆ ಏನಾದರೊಂದು ಬರುತ್ತದೆ, ಬಂದರೆ ಡೇರಿಗೆ ಬೀಗ. ಅವನ ಲೆಕ್ಕ ಇಷ್ಟೇ.

ಅಂಥವನಿಗೆ ನನ್ನ ಮಾತು ಸಿಕ್ಕರೆ ಕೇಳಬೇಕೆ. ತೂಕದ ಯಂತ್ರದ ಪಕ್ಕ ಫೋನಿಟ್ಟು, ಸೌಂಡು ದೊಡ್ಡದು ಮಾಡಿ, ಹಾಲು ತಂದವರಿಗೆಲ್ಲ ಕೇಳಿಸಿದನಂತೆ. 'ನಮ್ಮುಡ್ಗಿ ಹೇಳವ್ಳೆ, ಒಸಿ ಕೇಳ್ರಪ್ಪ.' ಒಂದು ವಾರ ಎರಡೂ ಹೊತ್ತು ಅದೇ. ನನ್ನ ದನಿ ಊರಿನಲ್ಲಿ ಮನೆಮಾತಾಯಿತು. ಹುಚ್ಚಮ್ಮ ಎಂಬ ಮುದುಕಿ ಹಲ್ಲುನೋವಿಗೂ ಹೋಗದೆ ಲವಂಗ ಕಚ್ಚಿಕೊಂಡು ಕೂತಿದ್ದಾಳೆ ಎಂದು ತಮ್ಮ ಫೋನಿನಲ್ಲಿ ಹೇಳಿದಾಗ ನಾನು ನಕ್ಕಿದ್ದೆ. ಒಳಗೊಳಗೆ ಸಂತೋಷವೂ ಆಗಿತ್ತು. ಊರು ನನ್ನ ಮಾತು ಕೇಳುತ್ತದೆ ಎಂದು.

ಇನ್ನು ಆ ಬುಧವಾರದ್ದು. ಅದನ್ನು ನಾನು ಅವ್ವನಿಂದ, ತಮ್ಮನಿಂದ ಕೇಳಿ ಕೇಳಿ ಜೋಡಿಸಿಕೊಂಡಿದ್ದೇನೆ.

ಬೆಳಿಗ್ಗೆ ಆರೂವರೆಗೆ ನಲವತ್ತು ಲೀಟರಿನ ಕ್ಯಾನು ಎತ್ತುವಾಗ ಅಪ್ಪನಿಗೆ ಎದೆ ಹಿಡಿಯಿತು. ಎಲ್ಲರೂ ಸುಣ್ಣದ ಗೆರೆಯಾಚೆ ದೂರ ದೂರ ನಿಂತಿದ್ದರು, ಇವನ ಮುಖಕ್ಕೆ ಮಾಸ್ಕು ಇತ್ತು. ಯಾರಿಗೂ ತಿಳಿಯಲಿಲ್ಲ. ಅಪ್ಪ ಸ್ಟೂಲಿನ ಮೇಲೆ ಕೂತುಕೊಂಡೇ ಉಳಿದವರ ಹಾಲು ಅಳೆದ. ಲಾರಿ ಬಂದು ಹೋಗುವತನಕ ಅಲ್ಲೇ ಇದ್ದ. ಬಾಗಿಲು ಹಾಕಿಕೊಂಡು ಮನೆಗೆ ಬಂದಾಗ ಎಂಟು ಗಂಟೆ. ಜಗಲಿಯ ಮೇಲೆ ಕೂತವನು ಅವ್ವನಿಗೆ ಹೇಳಿದನಂತೆ.

'ಆರೂವರೆಯಿಂದ ಎದೆ ಮ್ಯಾಗೆ ಕಲ್ಲು ಹೇರ್ದಂಗೈತೆ ಕಣೆ. ಗ್ಯಾಸು ಅನ್ಸತ್ತೆ. ಒಸಿ ಜೀರಿಗೆ ನೀರು ಕಾಸು.'

ಅವನ ಅಂಗಿ ಹಿಂಡಿದರೆ ನೀರು ಬರುವಂತಿತ್ತು ಎಂದು ಅವ್ವ ಹೇಳಿದಳು. ನಮ್ಮ ಅವ್ವ ವೆಂಕಟಲಕ್ಷ್ಮಮ್ಮ ಓದಿದವಳಲ್ಲ, ಆದರೆ ಹಸು ಮೇವು ಬಿಟ್ಟರೆ ಯಾಕೆ ಬಿಟ್ಟಿತು ಎಂದು ಮುಖ ನೋಡಿ ಹೇಳುವವಳು. 'ಇದು ಗ್ಯಾಸಲ್ಲ, ಹಾಸನಕ್ಕೆ ಹೋಗಾನ ನಡೀರಿ' ಎಂದಳು. ಹಾಸನ ನಮ್ಮೂರಿಗೆ ಮುಕ್ಕಾಲು ಗಂಟೆಯ ದಾರಿ. ಹೃದಯದ ಡಾಕ್ಟರು ಅಲ್ಲಿದ್ದಾರೆ, ಬೇಕಾದ ಇಂಜೆಕ್ಷನ್ ಅಲ್ಲಿದೆ.

'ಅವಳೇ ಹೇಳವ್ಳಲ್ಲ, ಎದೆ ಉರಿಗೆಲ್ಲ ಬರಬ್ಯಾಡಿ ಅಂತ. ನಾನೇ ಊರಿಗೆಲ್ಲ ಕೇಳ್ಸಿ ನಾನೇ ಓಡೋದ್ರೆ ನಗಾಕಿಲ್ವ ಜನ' ಎಂದನಂತೆ ಅಪ್ಪ. ಆಮೇಲೆ, 'ಕಡ್ಡಿ ಹಾಕಿದ್ರೆ ಡೇರಿ ಹೋಯ್ತದೆ' ಎಂದನಂತೆ.

ಅವ್ವ ಎಂಟೂ ಐದಕ್ಕೆ ನನಗೆ ಫೋನ್ ಮಾಡಿದಳು. ಎಂಟೂಕಾಲಿಗೆ, ಎಂಟೂವರೆಗೆ, ಒಂಬತ್ತಕ್ಕೆ ಮತ್ತೆ ಮಾಡಿದಳು. ನನ್ನ ಫೋನು ಬಟ್ಟೆ ಬದಲಿಸುವ ರೂಮಿನ ಬೀರುವಿನೊಳಗೆ ಬಡಿದುಕೊಳ್ಳುತ್ತಿತ್ತು. ಹೊಲದಲ್ಲಿ ಆಲೂಗಡ್ಡೆ ಬಿತ್ತನೆ ನಡೆದಿತ್ತು; ತಮ್ಮ ಶಿವಪ್ರಕಾಶ್ ಅಲ್ಲಿದ್ದ, ಅವನ ಫೋನು ಮನೆಯಲ್ಲೇ ಉಳಿದಿತ್ತು. ಅಪ್ಪನನ್ನು ಒಬ್ಬನೇ ಬಿಟ್ಟು ಹೋಗಲು ಅವ್ವನಿಗೆ ಧೈರ್ಯವಿಲ್ಲ, ಪಕ್ಕದ ಮನೆಯವರನ್ನು ಕರೆಯಲು ಅಪ್ಪ ಬಿಡಲಿಲ್ಲ. ಬೆವರು ಕಂಡರೆ ಜ್ವರ ಅಂತಾರೆ, ಜ್ವರ ಅಂದರೆ ಕೊರೋನಾ ಅಂತಾರೆ. ಹತ್ತೂವರೆಗೆ ತಮ್ಮ ತಾನಾಗಿಯೇ ತಿಂಡಿಗೆ ಬಂದ. ಬಂದವನು ಅಪ್ಪನ ಮುಖ ನೋಡಿ, ತಟ್ಟೆ ಮುಟ್ಟದೆ, ಓಮ್ನಿ ಇಟ್ಟುಕೊಂಡಿದ್ದ ಬೋರಯ್ಯನನ್ನು ಕರೆದುಕೊಂಡು ಬಂದ.

ಅವ್ವನನ್ನು ಮನೆಯಲ್ಲೇ ಬಿಟ್ಟು ಮೂವರೂ ಹನ್ನೊಂದಕ್ಕೆ ಹೊರಟರು. ಹಗರೆಯ ಮುಖ್ಯರಸ್ತೆಗೆ ಬಂದು ಒಂದು ಕಡೆ ತಿರುಗಿದರೆ ಹಾಸನ. ತಮ್ಮ ಅಲ್ಲಿ ಗಾಡಿ ನಿಲ್ಲಿಸಲು ಹೇಳಿ ಯೋಚಿಸಿದನಂತೆ. ಆಗ ಎಲ್ಲ ಕಡೆ ಒಂದೇ ಮಾತು: ಗುರುತಿನವರಿಲ್ಲದಿದ್ದರೆ ಯಾವ ಆಸ್ಪತ್ರೆಯಲ್ಲೂ ಹಾಸಿಗೆ ಸಿಗುವುದಿಲ್ಲ. ಹಾಸನದಲ್ಲಿ ನಮ್ಮವರು ಯಾರಿದ್ದಾರೆ? 'ಅರಸೀಕೆರೆಗೇ ನಡಿ ಬೋರಣ್ಣ, ಅಕ್ಕ ಅವ್ಳೆ' ಎಂದ. ಅವನನ್ನು ನಾನು ದೂರುವುದಿಲ್ಲ. ಅವನ ಜಾಗದಲ್ಲಿ ಊರಿನ ಯಾರಿದ್ದರೂ ಹಾಗೇ ತಿರುಗಿಸುತ್ತಿದ್ದರು. ನಮ್ಮ ಕಡೆ ಆಫೀಸಿಗೆ ಹೋಗಲಿ ಆಸ್ಪತ್ರೆಗೆ ಹೋಗಲಿ, ಬಾಗಿಲು ಹುಡುಕುವುದಿಲ್ಲ, ನಮ್ಮವರು ಯಾರಿದ್ದಾರೆ ಎಂದು ಹುಡುಕುತ್ತೇವೆ. ಹಾಸನಕ್ಕೆ ಬೆನ್ನು ಹಾಕಿ ಎರಡರಷ್ಟು ದೂರದ ಅರಸೀಕೆರೆಯ ದಾರಿ ಹಿಡಿದರು, ಅಲ್ಲಿ ಹೃದಯಕ್ಕೆ ಏನೂ ಇಲ್ಲದಿದ್ದರೂ ನಾನಿದ್ದೆ ಎಂಬ ಒಂದೇ ಕಾರಣಕ್ಕೆ.

ಹಳೇಬೀಡಿನಲ್ಲಿ ಪೊಲೀಸರು ಪಾಸ್ ಕೇಳಿ ಇಪ್ಪತ್ತು ನಿಮಿಷ ನಿಲ್ಲಿಸಿದರು. ದೇವಸ್ಥಾನಕ್ಕೆ ಬರುವವರಿಲ್ಲದೆ ರಸ್ತೆಯಲ್ಲಿ ದನ ಮಲಗಿದ್ದವು. ಜಾವಗಲ್ ದಾಟಿದ ಮೇಲೆ ಅಪ್ಪ ಕಣ್ಣು ಬಿಟ್ಟು, 'ಸಂಜೆ ಹಾಲು ಯಾರ್ಲಾ ಹಾಕಿಸ್ಕಳದು' ಎಂದು ಕೇಳಿದನಂತೆ. 'ನಾನು ಹಾಕಿಸ್ಕತೀನಿ ಸುಮ್ಕಿರು ಗಿಡ್ಡಪ್ಪಣ್ಣ' ಎಂದು ಬೋರಯ್ಯ ಹೇಳಿದ ಮೇಲೆ ಮತ್ತೆ ಕಣ್ಣು ಮುಚ್ಚಿಕೊಂಡನಂತೆ.

ನನ್ನ ವಾರ್ಡಿಗೆ ಅವನು ಬಂದದ್ದು ಹನ್ನೆರಡೂ ಮುಕ್ಕಾಲಿಗೆ. ನಮ್ಮಪ್ಪನಾಗಿ ಬರಲಿಲ್ಲ. 'ಐವತ್ತೆಂಟು ವರ್ಷ, ಗಂಡಸು, ಉಸಿರಾಟದ ತೊಂದರೆ, ಆಕ್ಸಿಜನ್ ಎಂಬತ್ತಾರು, ಸಸ್ಪೆಕ್ಟು' ಎಂದು ಬಂದ. ಆ ದಿನಗಳಲ್ಲಿ ಉಸಿರು ಕಟ್ಟಿದವರೆಲ್ಲ ಕೊರೋನಾ. ಹೃದಯ ಸೋತರೂ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಕಟ್ಟುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ, ಮರೆತುಹೋಗಿತ್ತು. ಗೇಟಿನವನು ತಮ್ಮನನ್ನು ಹೊರಗೇ ನಿಲ್ಲಿಸಿ, ರೋಗಿಯನ್ನು ಮಾತ್ರ ಸ್ಟ್ರೆಚರಿನಲ್ಲಿ ಒಳಗೆ ಕಳಿಸಿದ್ದ. ನಾನು ಹೊಸ ರೋಗಿಗೆ ಆಕ್ಸಿಜನ್ ಹಾಕಲು ಬಂದೆ. ಕನ್ನಡಕದೊಳಗೆ ಬೆವರಿನ ಮಂಜು; ಮುಖ ಸರಿಯಾಗಿ ಕಾಣಲಿಲ್ಲ. ಮೊದಲು ಕಂಡದ್ದು ಸ್ಟ್ರೆಚರಿನಿಂದ ಒಂದು ಮೊಳ ಹೊರಗೆ ಚಾಚಿದ್ದ ಕಾಲುಗಳು. ಎಷ್ಟು ಉದ್ದ ಆಳಪ್ಪ ಇವನು ಎಂದುಕೊಂಡೆ. ಆಮೇಲೆ ತಿಳಿಯಿತು.

ಅವನಿಗೆ ನಾನು ತಿಳಿಯಲಿಲ್ಲ. ಹೇಗೆ ತಿಳಿಯಬೇಕು? ಬಿಳಿ ಚೀಲದೊಳಗೆ ಎಲ್ಲರೂ ಒಂದೇ. ಗುರುತಿಗೆಂದು ಹೆಸರು ಬರೆದುಕೊಳ್ಳುತ್ತಿದ್ದೆವು, ಬೆನ್ನಿನ ಮೇಲೆ. ಮಲಗಿದವರಿಗೆ ಬೆನ್ನು ಎಲ್ಲಿ ಕಾಣುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ತೋಳು ಹಿಡಿದು ಹತ್ತಿರ ಎಳೆದ.

'ಸಿಸ್ಟ್ರೇ, ನಮ್ಮುಡ್ಗಿ ಇಲ್ಲೇ ಕೆಲ್ಸ ಮಾಡ್ತಾಳೆ. ಸೌಂದರ್ಯ ಅಂತ. ನಾನು ಬಂದಿರೋದು ಅವ್ಳಿಗೆ ಹೇಳ್ಬೇಡಿ. ಬೈತಾಳೆ.'

ನಾನು ಇಷ್ಟು ವರ್ಷ ಯಾರ ಯಾರ ಬಾಯಲ್ಲೋ ಏನೇನೋ ಮಾತು ಕೇಳಿದ್ದೇನೆ. ಇಂಥದ್ದೊಂದು ಕೇಳಿಲ್ಲ, ಇನ್ನು ಮುಂದೆ ಕೇಳುವುದೂ ಬೇಡ.

'ನಾನೇ ಕಣಪ್ಪ' ಎಂದೆ. ಎರಡು ಮಾಸ್ಕಿನೊಳಗಿಂದ ಅವನಿಗೆ ಕೇಳಲಿಲ್ಲ. ಬಗ್ಗಿ, ಕಿವಿಯ ಹತ್ತಿರ, ಜೋರಾಗಿ ಹೇಳಿದೆ. ಅವನು ನನ್ನ ಕನ್ನಡಕದ ಗಾಜನ್ನು ತುಂಬ ಹೊತ್ತು ನೋಡಿದ. ಗುರುತು ಸಿಕ್ಕಿದ ಮೇಲೆ ಮುಖ ತಪ್ಪು ಮಾಡಿದವನದಾಯಿತು.

'ಬೈಬ್ಯಾಡ ಕಣವ್ವ. ಇವ್ರೆಲ್ಲ ಬಲವಂತ ಮಾಡುದ್ರು.'

'ಬೈಯಲ್ಲ ಅಪ್ಪ. ಎಲ್ಲಿ ನೋವು? ಯಾವಾಗಿಂದ?'

'ಆರೂವರೆಯಿಂದ. ಗ್ಯಾಸಿರ್ಬೇಕು. ಜೀರಿಗೆ ನೀರು ಕುಡ್ದೆ, ನೀನು ಹೇಳ್ದಂಗೇ.'

ಗೋಡೆಯ ಗಡಿಯಾರ ನೋಡಿದೆ. ಆರು ಗಂಟೆಗಿಂತ ಹೆಚ್ಚಾಗಿತ್ತು. ಹೃದಯದ ನಾಳ ಕಟ್ಟಿದರೆ ಮೊದಲ ಒಂದೆರಡು ಗಂಟೆ ಚಿನ್ನ. ಆಮೇಲಿನ ಪ್ರತಿ ಗಂಟೆಗೂ ಮಾಂಸ ಸಾಯುತ್ತ ಹೋಗುತ್ತದೆ. ಇದನ್ನು ಟ್ರೈನಿಂಗಿನ ಹುಡುಗಿಯರಿಗೆ ನಾನೇ ಪಾಠ ಮಾಡಿದ್ದೇನೆ. ಊರಿಗೆ ಮಾತ್ರ ಹೇಳಿರಲಿಲ್ಲ. ಊರಿಗೆ ನಾನು ಹೇಳಿದ್ದು ಜೀರಿಗೆ ನೀರು.

ಇಸಿಜಿ ನಾನೇ ಹಾಕಿದೆ. ಕಾಗದ ಹೊರಗೆ ಬರುತ್ತಿದ್ದಂತೆಯೇ ಓದಿಕೊಂಡೆ. ಡಾಕ್ಟರ್ ಉದಯಕುಮಾರ್ ಓಡಿ ಬಂದರು. ಆ ವಾರ ಮೂರು ದಿನದಿಂದ ಮನೆಗೆ ಹೋಗದಿದ್ದ ಹುಡುಗ ಡಾಕ್ಟರು, ಒಳ್ಳೆಯವರು. ಕಾಗದ ನೋಡಿ, ನನ್ನ ಕಡೆ ನೋಡಿ, 'ಯಾರು ಇವರು?' ಎಂದರು. ನಮ್ಮಪ್ಪ ಎಂದೆ. ಅವರು ಮತ್ತೇನೂ ಕೇಳದೆ ಕೆಲಸಕ್ಕೆ ಇಳಿದರು. ಆಸ್ಪಿರಿನ್ ಅಗಿಸಿದೆವು, ಇದ್ದ ಮಾತ್ರೆಗಳನ್ನೆಲ್ಲ ಕೊಟ್ಟೆವು, ಲಂಗ್ಸಿನ ನೀರು ಇಳಿಯಲು ಇಂಜೆಕ್ಷನ್ ಹಾಕಿದೆವು. ಹೆಪ್ಪು ಕರಗಿಸುವ ಇಂಜೆಕ್ಷನ್ ನಮ್ಮಲ್ಲಿ ಇರಲಿಲ್ಲ. ಎರಡು ತಿಂಗಳಿಂದ ನಮ್ಮ ಔಷಧಿ ಕೋಣೆಯಲ್ಲಿ ಕೊರೋನಾಕ್ಕೆ ಬೇಕಾದದ್ದು ಬಿಟ್ಟು ಬೇರೇನೂ ಇರಲಿಲ್ಲ. ಊರಿನ ಮೆಡಿಕಲ್ ಸ್ಟೋರುಗಳಿಗೆಲ್ಲ ಫೋನ್ ಮಾಡಿಸಿದರು. ಇಲ್ಲ.

ಹಾಸನಕ್ಕೆ ಕಳಿಸಬೇಕು. ಒಂದು ಆಸ್ಪತ್ರೆಯವರು ಐಸಿಯು ತುಂಬಿದೆ ಎಂದರು. ಇನ್ನೊಬ್ಬರು ನೆಗೆಟಿವ್ ರಿಪೋರ್ಟ್ ಇದ್ದರೆ ತೆಗೆದುಕೊಳ್ಳುತ್ತೇವೆ ಎಂದರು. ಅಪ್ಪನ ಮೂಗಿಗೆ ಕಡ್ಡಿ ಹಾಕುವ ಕೆಲಸವೂ ನನ್ನ ಕೈಗೇ ಬಂತು. ಅವನು ತಲೆ ತಿರುಗಿಸಿಕೊಂಡ.

'ಬ್ಯಾಡ ಕಣವ್ವ. ಡೇರಿ ಮುಚ್ಚುಸ್ತಾರೆ.'

'ಯಾರೂ ಮುಚ್ಚಲ್ಲ. ನಾನಿದ್ದೀನಿ.'

ನಾನಿದ್ದೀನಿ ಎಂದದ್ದಕ್ಕೆ ಸುಮ್ಮನೆ ಮುಖ ಕೊಟ್ಟ. ಇಪ್ಪತ್ತು ನಿಮಿಷ ಕಾದೆವು. ನೆಗೆಟಿವ್. ಅವನಿಗೆ ಹೇಳಿದಾಗ ಆ ನೋವಿನಲ್ಲೂ ತುಟಿ ಅಗಲಿಸಿ, 'ನೋಡ್ದಾ' ಎಂದ. ನನ್ನ ಜತೆ ವಾದದಲ್ಲಿ ಗೆದ್ದವನ ಹಾಗೆ.

ಇದ್ದ ಒಂದು ಆಂಬುಲೆನ್ಸು ತಿಪಟೂರಿನಿಂದ ಆಕ್ಸಿಜನ್ ಸಿಲಿಂಡರ್ ತರಲು ಹೋಗಿತ್ತು. ಬೋರಯ್ಯನ ಓಮ್ನಿಯಲ್ಲೇ ಕಳಿಸೋಣ ಎಂದರೆ ಅದರಲ್ಲಿ ಮಾನಿಟರಿಲ್ಲ, ಏನೂ ಇಲ್ಲ. ಹತ್ತು ನಿಮಿಷದಲ್ಲಿ ಗಾಡಿ ಬರುತ್ತದೆ ಎಂದರು. ಹತ್ತು ನಿಮಿಷವಾಯಿತು, ಇನ್ನೊಂದು ಹತ್ತು ಆಯಿತು. ಗಾಡಿ ಗೇಟಿನೊಳಗೆ ಬಂದು ಸಿಲಿಂಡರು ಇಳಿಸುತ್ತಿರುವ ಸದ್ದು ಕೇಳಿಸುತ್ತಿತ್ತು. ಆಗ ಅಪ್ಪ ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ಮಾನಿಟರಿನ ಗೆರೆ ಕೆಟ್ಟು ಕುಣಿಯಿತು. ಎದೆ ಒತ್ತಲು ಶುರುಮಾಡಿದವಳು ನಾನೇ. ಡಾಕ್ಟರು ಎರಡು ಸಲ ಶಾಕ್ ಕೊಟ್ಟರು. ಮತ್ತೆ ಒತ್ತಿದೆ. ಕನ್ನಡಕದೊಳಗೆ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ. ಕೈಗೆ ಮಾತ್ರ ಅವನ ಪಕ್ಕೆಲುಬು ಗೊತ್ತಾಗುತ್ತಿತ್ತು. ಕೊನೆಗೆ ಡಾಕ್ಟರ್ ಉದಯಕುಮಾರ್ ನನ್ನ ಎರಡೂ ಮಣಿಕಟ್ಟು ಹಿಡಿದು, 'ಸಾಕು ಸಿಸ್ಟರ್, ಬಿಡಿ' ಎಂದರು. ಗಂಟೆ ಎರಡೂ ಹತ್ತಾಗಿತ್ತು. ನನ್ನ ಡ್ಯೂಟಿ ಮುಗಿದು ಹತ್ತು ನಿಮಿಷವಾಗಿತ್ತು.

ಬಟ್ಟೆ ಬದಲಿಸಿ ಬೀರು ತೆಗೆದಾಗ ಫೋನಿನಲ್ಲಿ ಅವ್ವನ ಹನ್ನೊಂದು ಕರೆಗಳಿದ್ದವು.

ನೆಗೆಟಿವ್ ಆದ್ದರಿಂದ ಹೆಣ ನಮ್ಮ ಕೈಗೆ ಕೊಟ್ಟರು. ಅದೊಂದು ಭಾಗ್ಯವೆಂದು ಆ ದಿನಗಳಲ್ಲಿ ಜನ ಹೇಳುತ್ತಿದ್ದರು. ನಮ್ಮ ಹೊಲದಲ್ಲೇ, ಬಿತ್ತಿದ ಆಲೂಗಡ್ಡೆಯ ಸಾಲು ಬಿಟ್ಟು, ಬದುವಿನ ಹತ್ತಿರ ಮಣ್ಣು ಮಾಡಿದೆವು. ಇಪ್ಪತ್ತೆರಡು ವರ್ಷ ಹಾಲು ಹಾಕಿದ ಊರು ದೂರದ ಬೇಲಿಗಳಲ್ಲಿ ನಿಂತು ನೋಡಿತು. ನೆಗೆಟಿವ್ ಎಂದು ತಮ್ಮ ಎಷ್ಟು ಕೂಗಿ ಹೇಳಿದರೂ ಯಾರೂ ಹತ್ತಿರ ಬರಲಿಲ್ಲ. ಬೋರಯ್ಯ ಒಬ್ಬ ಹೆಗಲು ಕೊಟ್ಟ, ಆಮೇಲೆ ಕೈ ತೊಳೆದು ಸಂಜೆಯ ಹಾಲು ಹಾಕಿಸಿಕೊಳ್ಳಲು ಡೇರಿಗೆ ಹೋದ. ಡೇರಿ ಒಂದು ಹೊತ್ತೂ ಮುಚ್ಚಲಿಲ್ಲ.

ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ಅವ್ವ ಒಂದು ಪ್ರಶ್ನೆ ಕೇಳುತ್ತಾಳೆ ಎಂದು ದಿನಾ ಕಾದೆ. ಬೆಳಿಗ್ಗೆ ಎಂಟಕ್ಕೇ ಹಾಸನಕ್ಕೆ ಹೋಗಿದ್ದರೆ ಉಳಿಯುತ್ತಿದ್ದರಾ ಎಂದು. ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಇಲ್ಲ ಅವ್ವ, ದೊಡ್ಡ ನಾಳ, ಎಲ್ಲಿಗೆ ಹೋಗಿದ್ದರೂ ಆಗುತ್ತಿರಲಿಲ್ಲ. ಸುಳ್ಳು ಅದು. ಉಳಿಯುತ್ತಿದ್ದ, ಬಹುಮಟ್ಟಿಗೆ ಉಳಿಯುತ್ತಿದ್ದ. ಆದರೆ ಅವಳು ಕೇಳಲೇ ಇಲ್ಲ. ಹಸು ಕಟ್ಟಿದಳು, ಬಿಚ್ಚಿದಳು, ಸಗಣಿ ಬಾಚಿದಳು, ನನ್ನ ತಟ್ಟೆಗೆ ಮುದ್ದೆ ಹಾಕಿದಳು.

ಹನ್ನೊಂದನೇ ದಿನ ತಿಥಿಗೆ ಮಾತ್ರ ಊರಿನವರು ಬಂದರು. ಭಯ ಒಂಚೂರು ಇಳಿದಿತ್ತು. ಅಂಗಳದಲ್ಲಿ ದೂರ ದೂರ ಕೂತು ಮಾಸ್ಕು ಸರಿಸಿ ಉಂಡರು. ಹೆಂಗಸರು ಅವ್ವನ ಸುತ್ತ ಸೇರಿದರು. ಹುಚ್ಚಮ್ಮ, 'ಅದೆಂಗಾಯ್ತು ಲಕ್ಷ್ಮವ್ವ, ಬೆಳಿಗ್ಗೆ ನಾನು ಹಾಲು ಹಾಕ್ದಾಗ ಕೂತಿದ್ರಲ್ಲ' ಎಂದು ಕೇಳಿದಳು.

'ಹೂಂ ಕಣೆ. ಹತ್ತೂವರೆಗಂಟ ಏನೂ ಇರ್ಲಿಲ್ಲ' ಎಂದಳು ಅವ್ವ. 'ಬಂದ್ರು, ತಿಂಡಿ ತಿಂದ್ರು, ಪೇಪರ್ ನೋಡ್ತಾ ಕೂತ್ರು. ಇದ್ದಕ್ಕಿದ್ದಂಗೆ ಎದೆ ಹಿಡ್ಕಂಡ್ರು. ತಕ್ಷಣ ಬೋರಯ್ಯನ ಗಾಡೀಲಿ ಹೊಂಟ್ರು. ಒಂದ್ನಿಮಿಷ ತಡ ಮಾಡ್ಲಿಲ್ಲ. ಆಯಸ್ಸು ಮುಗ್ದಿತ್ತು.'

ನಾನು ಬಾಗಿಲಲ್ಲಿ ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಮೊದಲು ಬಂದದ್ದು ನರ್ಸಿನ ಸಿಟ್ಟು. ರೋಗ ಶುರುವಾದ ಹೊತ್ತನ್ನು ತಪ್ಪು ಹೇಳುವ ನೆಂಟರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಮೇಲೆ ನೋಡಿದೆ: ಕೇಳುತ್ತಿದ್ದ ಹೆಂಗಸರೆಲ್ಲ ತಲೆ ಆಡಿಸುತ್ತಿದ್ದರು. ಅವರಲ್ಲಿ ಒಬ್ಬಳು, 'ಹಂಗಾದ್ರೆ ಎದೆ ಹಿಡ್ಕಂಡ್ರೆ ಓಡುದ್ರೂ ಪ್ರಯೋಜ್ನ ಇಲ್ಲ ಅನ್ನು' ಎಂದಳು. ಇನ್ನೊಬ್ಬಳು, 'ಸುಮ್ನೆ ಮನೇಲೇ ಇರೋದು ವಾಸಿ' ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನಾಡಿದ್ದು ಎಲ್ಲಿಗೆ ಹೋಗಿತ್ತು ಎಂಬುದು ಆಗ ಕಣ್ಣೆದುರು ಕಂಡಿತು.

'ಹತ್ತೂವರೆ ಅಲ್ಲ' ಎಂದೆ. ಅಂಗಳವೆಲ್ಲ ಕೇಳುವ ಹಾಗೆ ಹೇಳಿದೆ. 'ಆರೂವರೆ. ಡೇರೀಲೇ ಶುರುವಾಯ್ತು. ನಾನು ಬರಬೇಡಿ ಅಂದಿದ್ದೆ, ಅದಕ್ಕೇ ಮೂರು ಗಂಟೆ ಹೊತ್ತು ಮನೇಲಿ ಕೂತಿದ್ದ. ಆಗಲೇ ಹಾಸನಕ್ಕೆ ಹೋಗಿದ್ರೆ ಬದುಕ್ತಿದ್ದ. ಎದೆ ಹಿಡಿದು ಬೆವತರೆ ಓಡಬೇಕು. ಕೊರೋನಾ ಇರಲಿ ಏನಾದ್ರೂ ಇರಲಿ, ಓಡಬೇಕು. ನಾನು ಹೇಳಿದ್ದು ತಪ್ಪು.'

ಬೋರಯ್ಯ ಎಲೆ ಮೇಲಿನ ಅನ್ನ ನೋಡುತ್ತ ಕೂತ. ಹುಚ್ಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ನನಗೆ ಆಗಲೇ ಗೊತ್ತಾಯಿತು. ಊರಿನಲ್ಲಿ ಅದು ಇವತ್ತಿಗೂ ಇದೆ. ಎದುರಿಗೆ ಚೆನ್ನಾಗಿಯೇ ಮಾತಾಡಿಸುತ್ತಾರೆ, ಬೆನ್ನು ತಿರುಗಿಸಿದ ಮೇಲೆ ಅಪ್ಪನನ್ನು ತಿಂದವಳು ಎನ್ನುತ್ತಾರೆ.

ಅವ್ವ ಎದ್ದು ಬಂದು ನನ್ನ ತೋಳು ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು. ಬಾಗಿಲು ಮುಂದಕ್ಕೆ ಮಾಡಿದಳು. ಹನ್ನೊಂದು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

'ಯಾಕೆ ಹೇಳ್ದೆ? ನಿನ್ನ ಯಾರು ಕೇಳುದ್ರು?' ಎಂದಳು. 'ನಿಂಗೆ ಗೊತ್ತಿರೋದು ನಂಗೆ ಗೊತ್ತಿಲ್ಲ ಅನ್ಕಂಡಿದ್ದೀಯಾ? ಎಂಟು ಗಂಟೇಲೇ ನಂಗೆ ಗೊತ್ತಾಗಿತ್ತು. ಅವ್ರನ್ನ ಕಳ್ಕಂಡಾಯ್ತು. ನಿನ್ನನ್ನೂ ಊರ ಬಾಯಿಗೆ ಹಾಕ್ಲಾ ಅಂತ ನಾನು ಒಂದೊಂದ್ ದಿನಾನೂ ಹತ್ತೂವರೆ, ಹತ್ತೂವರೆ ಅಂತ ಬಂದೋರ್ಗೆಲ್ಲ ಹೇಳ್ಕಂಡು ಬಂದೆ. ನೀನೇ ಬಂದು ಕೆಡ್ಸಿಬಿಟ್ಟೆಯಲ್ಲೆ.'

ಅವಳ ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು. ಗೊತ್ತಿಲ್ಲದೆಯೇ ನನ್ನ ಮೂರು ಬೆರಳು ಅವಳ ಮಣಿಕಟ್ಟಿನ ನಾಡಿಯ ಮೇಲೆ ಹೋಗಿ ಕೂತಿದ್ದವು. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

ಅವ್ವ ನನ್ನ ಬೆರಳು ನೋಡಿದಳು.

'ಎಣಿಸ್ಬ್ಯಾಡ ಕಣೆ' ಎಂದಳು. 'ಸುಮ್ನೆ ಹಿಡ್ಕಾ.'